ಕರಡು ಇರುವಾಗಲೇ ಹಿಡಿಯಿರಿ: ಸರ್ಕಾರದ ತೀರ್ಮಾನದಲ್ಲಿ ನಿಮ್ಮ ಮಾತೂ ಸೇರಬೇಕಾದರೆ

ಸರ್ಕಾರದ ಮೇಲೆ ನಮಗೆ ಸಿಟ್ಟು ಬರುವುದು ಯಾವಾಗ? ಕರೆಂಟ್ ಬಿಲ್ ಏರಿದಾಗ. ರಸ್ತೆ ಅಗಲ ಮಾಡಲು ಮರಗಳಿಗೆ ನಂಬರ್ ಬರೆದಾಗ. ಊರ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿದ ಆದೇಶ ಬಂದಾಗ. ಅಂದರೆ ಎಲ್ಲ ಮುಗಿದ ಮೇಲೆ. ಆ ತೀರ್ಮಾನ ಅದಕ್ಕೂ ಎಷ್ಟೋ ತಿಂಗಳು ಮೊದಲೇ ಒಂದು ಕಡತವಾಗಿ ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿರುತ್ತದೆ, ಕೆಲವು ಸಲ ‘ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು’ ಎಂದು ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದ ಪ್ರಕಟಣೆಯೂ ಬಂದು ಹೋಗಿರುತ್ತದೆ. ಅದನ್ನು ಯಾರೂ ಓದಿರುವುದಿಲ್ಲ ಅಷ್ಟೇ.

ಈ ಬರಹ ಆ ಸಣ್ಣಕ್ಷರದ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವ ಬಗ್ಗೆ. ಪಕ್ಷ ಬೇಕಿಲ್ಲ, ವಕೀಲರು ಬೇಕಿಲ್ಲ. ತಾಳ್ಮೆ ಬೇಕು, ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಅಭ್ಯಾಸ ಬೇಕು. ಉದಾಹರಣೆಗಳು ಹೆಚ್ಚಿನವು ಕರ್ನಾಟಕದವೇ.

ಮೊದಲು: ಇದು ದೂರೋ, ನಿಯಮದ ಪ್ರಶ್ನೆಯೋ?

ಬೀದಿ ದೀಪ ಉರಿಯುತ್ತಿಲ್ಲ ಅಂದರೆ ಅದು ದೂರು. ಪಂಚಾಯಿತಿಗೆ ಹೇಳಿ, ಅಥವಾ ರಾಜ್ಯ ಸರ್ಕಾರದ 1902 ಸಹಾಯವಾಣಿಗೆ ಫೋನ್ ಮಾಡಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಅಲ್ಲಿಗೆ ಮುಗಿಯಿತು. ಆದರೆ ಊರಿನ ದೀಪಗಳೆಲ್ಲ ಮತ್ತೆ ಮತ್ತೆ ಕೆಡುತ್ತಿವೆ, ಗುತ್ತಿಗೆಯಲ್ಲಿ ದುರಸ್ತಿಯ ಷರತ್ತೇ ಇಲ್ಲ ಅಂತ ಗೊತ್ತಾದರೆ ಅದು ಬೇರೆಯೇ ಕೆಲಸ. ಆಗ ಬದಲಾಗಬೇಕಾದ್ದು ಬಲ್ಬಲ್ಲ, ಗುತ್ತಿಗೆಯ ಷರತ್ತು. ದೂರಿನ ಕೆಲಸಕ್ಕೆ ಚಳವಳಿ ಮಾಡಬೇಡಿ. ನಿಯಮ ಬದಲಾಗಬೇಕಾದ ಕಡೆ ಸುಮ್ನೆ ದೂರು ಕೊಡುತ್ತಾ ಕೂರಲೂಬೇಡಿ.

ಎರಡನೆಯದು: ತೀರ್ಮಾನ ಯಾರ ಕೈಯಲ್ಲಿದೆ?

ಹೆಚ್ಚಿನ ಮನವಿಗಳು ಸಾಯುವುದು ಇಲ್ಲೇ. ಎಲ್ಲವನ್ನೂ ಮುಖ್ಯಮಂತ್ರಿಗೆ ಬರೆಯುತ್ತೇವೆ. ಅಲ್ಲಿಂದ ಅದು ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಸೀಲಿನ ಜೊತೆ ಇಳಿಯುತ್ತಾ ಬಂದು ಕೊನೆಗೆ ನೀವು ಮೊದಲ ದಿನವೇ ನಡೆದು ಹೋಗಿ ಕೊಡಬಹುದಾಗಿದ್ದ ಟೇಬಲ್ಲಿಗೇ ತಲುಪುತ್ತದೆ.

ಬಸ್ಸಿನ ಉದಾಹರಣೆ ತಗೊಳ್ಳಿ. ಕಾಲೇಜು ಬಿಡುವ ಹೊತ್ತಿಗೆ ಒಂದು ಟ್ರಿಪ್ ಹೆಚ್ಚಿಸಬೇಕಾದರೆ ಮೊದಲು ಮಾತಾಡಬೇಕಾದ್ದು ಡಿಪೋ ಮ್ಯಾನೇಜರ್ ಜೊತೆ, ಆಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ ಜೊತೆ. ದರದ ವಿಷಯಕ್ಕೆ ಡಿಪೋದಲ್ಲಿ ಕೂಗಾಡಿ ಪ್ರಯೋಜನವಿಲ್ಲ. 2025ರ ಜನವರಿ 5ರಿಂದ ಜಾರಿಗೆ ಬಂದ ಶೇಕಡ 15ರ ಏರಿಕೆ ಸಚಿವ ಸಂಪುಟದ ತೀರ್ಮಾನವಾಗಿತ್ತು.

ಹಾಗೆಯೇ ಕಾಗದ ಯಾವುದು ಅಂತಲೂ ನೋಡಿ. ಕಾಯ್ದೆ ಬದಲಾಗಬೇಕಾದರೆ ವಿಧಾನಮಂಡಲ ಬೇಕು. ನಿಯಮ ಬದಲಿಸಲು ಇಲಾಖೆ ಸಾಕು, ಆದರೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಸುತ್ತೋಲೆಯನ್ನು ಹೊರಡಿಸಿದ ಅಧಿಕಾರಿಯೇ ಹಿಂದಕ್ಕೆ ಪಡೆಯಬಹುದು. ಎಷ್ಟೋ ಸಲ ಕಾಯ್ದೆ ಚೆನ್ನಾಗೇ ಇರುತ್ತದೆ, ತೊಂದರೆ ಕೊಡುತ್ತಿರುವುದು ಒಂದು ಪುಟದ ಸುತ್ತೋಲೆ. ಸುತ್ತೋಲೆಯ ಸಂಖ್ಯೆ, ದಿನಾಂಕ ಹುಡುಕಿ ಹಿಡಿದರೆ ಕೆಲಸ ಅರ್ಧ ಹಗುರ.

ಮಾಹಿತಿ ಹಕ್ಕು: ‘ಯಾಕೆ’ ಅಂತ ಕೇಳಬೇಡಿ

2005ರ ಮಾಹಿತಿ ಹಕ್ಕು ಕಾಯ್ದೆ ಎಲ್ಲರಿಗೂ ಗೊತ್ತು. ಸರಿಯಾಗಿ ಬಳಸುವವರು ಕಡಿಮೆ. ‘ನಮ್ಮೂರ ಶಾಲೆಯನ್ನು ಯಾಕೆ ವಿಲೀನ ಮಾಡಿದಿರಿ?’ ಎಂದು ಕೇಳಿದರೆ, ವಿವರಣೆ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂಬ ಹಿಂಬರಹ ಬರುತ್ತದೆ. ದಾಖಲೆ ಕೇಳಬೇಕು. ಹೀಗೆ:

‘ಸದರಿ ಶಾಲೆಯ ವಿಲೀನಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಪುಟಗಳು ಹಾಗೂ ಪತ್ರ ವ್ಯವಹಾರದ ದೃಢೀಕೃತ ಪ್ರತಿಗಳನ್ನು ಒದಗಿಸಿ.’

ಟಿಪ್ಪಣಿ ಪುಟ ಅನ್ನುವುದನ್ನು ಮರೆಯಬೇಡಿ. ಯಾವ ಅಧಿಕಾರಿ ಏನು ಬರೆದರು, ಯಾರು ಒಪ್ಪಲಿಲ್ಲ, ಯಾವ ಅಂಕಿಅಂಶ ನೋಡಿ ಸಹಿ ಹಾಕಿದರು ಎಲ್ಲ ಅಲ್ಲಿರುತ್ತದೆ. ನೀವು ಕೇಳಬೇಕೆಂದಿದ್ದ ‘ಯಾಕೆ’ಗೆ ಉತ್ತರ ಅಲ್ಲೇ ಸಿಗುತ್ತದೆ.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಬಹುದು, ರಾಜ್ಯದ ಆನ್‌ಲೈನ್ ಪೋರ್ಟಲ್ಲಿನಲ್ಲೂ ಕಟ್ಟಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ನಿಯಮವನ್ನು ಬೈಯುವವರು ಬಹಳ ಜನ, ಬೈಯಲು ಕಾರಣವೂ ಇದೆ. ಆದರೆ ಉದ್ದದ ಅರ್ಜಿ ತಿರಸ್ಕಾರಕ್ಕೆ ಸುಲಭದ ನೆಪ, ಆದ್ದರಿಂದ ಎರಡು ವಿಷಯ ಇದ್ದರೆ ಎರಡು ಅರ್ಜಿ ಹಾಕಿಬಿಡಿ. 30 ದಿನದಲ್ಲಿ ಉತ್ತರ ಬರಬೇಕು. ಬರಲಿಲ್ಲವೋ, ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದ ಮಟ್ಟಕ್ಕೆ ಹೋದರೆ ಕಾಯುವುದು ತಪ್ಪಿದ್ದಲ್ಲ, ಹಾಗಾಗಿ ಕರಡಿನ ಗಡುವು ಹತ್ತಿರ ಇರುವಾಗ ಮಾಹಿತಿ ಹಕ್ಕನ್ನೇ ನಂಬಿ ಕೂರಬೇಡಿ.

ಇನ್ನೊಂದು ದಾರಿ ಇದೆ, ಜನ ಅದನ್ನು ಅಷ್ಟಾಗಿ ಬಳಸುವುದಿಲ್ಲ. ಪ್ರತಿ ಕೇಳುವ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಕಚೇರಿಯಲ್ಲೇ ಕೂತು ಇಡೀ ಕಡತ ತಿರುವಿ, ಬೇಕಾದ ಪುಟ ಮಾತ್ರ ಪ್ರತಿ ಮಾಡಿಸಿಕೊಳ್ಳಬಹುದು. ಏನು ಕೇಳಬೇಕು ಅಂತಲೇ ಗೊತ್ತಿಲ್ಲದಾಗ ಇದೇ ವಾಸಿ.

ಕರಡು ಅಧಿಸೂಚನೆ: ಎಲ್ಲಿ ಹುಡುಕುವುದು, ಹೇಗೆ ಬರೆಯುವುದು

ಬಹಳಷ್ಟು ಕಾಯ್ದೆಗಳಲ್ಲಿ, ನಿಯಮ ಮಾಡುವ ಮೊದಲು ಕರಡನ್ನು ಪ್ರಕಟಿಸಿ ಜನರಿಂದ ಆಕ್ಷೇಪಣೆ, ಸಲಹೆ ಕರೆಯಬೇಕು ಎಂದಿರುತ್ತದೆ. ಕರಡು ಬರುವುದು ಕರ್ನಾಟಕ ರಾಜ್ಯಪತ್ರದಲ್ಲಿ. ಈಗ ಅದು ಆನ್‌ಲೈನಿನಲ್ಲೂ ಸಿಗುತ್ತದೆ, ಇ-ರಾಜ್ಯಪತ್ರ ಅಂತ ಹುಡುಕಿ. ವಾರಕ್ಕೊಮ್ಮೆ ಅರ್ಧ ಗಂಟೆ, ನಿಮಗೆ ಸಂಬಂಧಿಸಿದ ಇಲಾಖೆಯ ಹೆಸರು ಮಾತ್ರ ಕಣ್ಣಾಡಿಸಿದರೆ ಸಾಕು. ನಾಲ್ಕೈದು ಜನ ಸೇರಿ ಒಬ್ಬೊಬ್ಬರು ಒಂದೊಂದು ಇಲಾಖೆ ಹಂಚಿಕೊಂಡರೆ ಇನ್ನೂ ಸುಲಭ.

ಕರಡಿನ ಮೊದಲ ಪ್ಯಾರಾದಲ್ಲೇ ಗಡುವು ಇರುತ್ತದೆ. ಪ್ರಕಟವಾದ ದಿನದಿಂದ 30 ದಿನ ಅನ್ನುವುದು ಸಾಮಾನ್ಯ, ಕೆಲವಕ್ಕೆ 15 ದಿನವೇ. ಲೆಕ್ಕ ಶುರುವಾಗುವುದು ರಾಜ್ಯಪತ್ರದಲ್ಲಿ ಬಂದ ದಿನದಿಂದ, ನಿಮ್ಮ ವಾಟ್ಸ್ಯಾಪ್ ಗ್ರೂಪಿಗೆ ಬಂದ ದಿನದಿಂದ ಅಲ್ಲ. ಆಕ್ಷೇಪಣೆ ಕಳಿಸಬೇಕಾದ ವಿಳಾಸವೂ ಅಲ್ಲೇ ಇರುತ್ತದೆ. ಕೇಂದ್ರದ ಪರಿಸರ ಅಧಿಸೂಚನೆಗಳಿಗೆ ಸಾಮಾನ್ಯವಾಗಿ 60 ದಿನ.

ಆಕ್ಷೇಪಣೆ ಬರೆಯುವಾಗ ‘ಈ ಜನವಿರೋಧಿ ಕರಡನ್ನು ಉಗ್ರವಾಗಿ ಖಂಡಿಸುತ್ತೇವೆ’ ಅಂತ ಶುರು ಮಾಡಬೇಡಿ. ಅದನ್ನು ಓದುವವರು ಒಬ್ಬ ಶಾಖಾಧಿಕಾರಿ. ಬಂದ ಪತ್ರಗಳನ್ನೆಲ್ಲ ಒಂದು ಪಟ್ಟಿ ಮಾಡಿ, ಯಾವ ನಿಯಮಕ್ಕೆ ಯಾವ ಆಕ್ಷೇಪಣೆ ಬಂದಿದೆ ಅಂತ ಮೇಲಕ್ಕೆ ಕಳಿಸಬೇಕು ಅವರು. ಖಂಡನೆಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ. ಅವರ ಕೆಲಸ ಸುಲಭವಾಗುವ ಹಾಗೆ ಬರೆಯಿರಿ. ಬೀದಿ ಬದಿ ವ್ಯಾಪಾರದ ಬಗ್ಗೆ ಹೀಗೊಂದು ಕರಡು ಬಂದಿದೆ ಅಂದುಕೊಳ್ಳಿ:

ನಿಯಮ 6(2): ‘ಅರ್ಜಿಯನ್ನು ಆನ್‌ಲೈನ್ ಮೂಲಕ ಮಾತ್ರ ಸಲ್ಲಿಸತಕ್ಕದ್ದು.’

ತೊಂದರೆ: ನಮ್ಮ ಸಂತೆಯಲ್ಲಿ ಸೊಪ್ಪು, ಹೂವು ಮಾರುವ ಹೆಚ್ಚಿನ ಹೆಂಗಸರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಸೈಬರ್ ಸೆಂಟರಿಗೆ ಹೋದರೆ ಅರ್ಧ ದಿನದ ವ್ಯಾಪಾರ ಹೋಗುತ್ತದೆ, ಅಲ್ಲಿ ಕೊಡುವ ದುಡ್ಡು ಬೇರೆ.

ಕೋರಿಕೆ: ‘ಅರ್ಜಿಯನ್ನು ಆನ್‌ಲೈನ್ ಮೂಲಕ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಲಿಖಿತವಾಗಿ ಸಲ್ಲಿಸಬಹುದು’ ಎಂದು ತಿದ್ದುಪಡಿ ಮಾಡಬೇಕು.

ಇಷ್ಟೇ. ನಿಯಮದ ಸಂಖ್ಯೆ, ತೊಂದರೆ, ಬದಲಿ ವಾಕ್ಯ. ಬದಲಿ ವಾಕ್ಯವನ್ನು ನೀವೇ ಬರೆದುಕೊಟ್ಟರೆ ಒಪ್ಪುವ ಮನಸ್ಸಿರುವ ಅಧಿಕಾರಿ ಅದನ್ನು ಹಾಗೇ ಎತ್ತಿಕೊಳ್ಳಬಹುದು. ಕರಡಿನಲ್ಲಿ ಒಳ್ಳೆಯ ಅಂಶ ಇದ್ದರೆ ಅದನ್ನೂ ಬರೆಯಿರಿ, ‘ನಿಯಮ 9ನ್ನು ಹಾಗೇ ಉಳಿಸಿಕೊಳ್ಳಬೇಕು’ ಅಂತ. ಯಾಕಂದರೆ ಅದನ್ನು ತೆಗೆಸಲು ಬೇರೆ ಯಾರೋ ಬರೆಯುತ್ತಿರುತ್ತಾರೆ.

ಒಂದೇ ಪತ್ರವನ್ನು ಸಾವಿರ ಜನ ಕಳಿಸುವುದು ಒಳ್ಳೆಯದೋ, ಸಾವಿರ ಬೇರೆ ಬೇರೆ ಪತ್ರ ಒಳ್ಳೆಯದೋ? ಎರಡಕ್ಕೂ ಬೇರೆ ಬೇರೆ ಉಪಯೋಗ ಇದೆ. ದೊಡ್ಡ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಅಳೆಯುವ ಕೇಂದ್ರದ ನಿಯಮ, ಅಂದರೆ 2020ರ ಪರಿಸರ ಪರಿಣಾಮ ಮೌಲ್ಯಮಾಪನ ಕರಡಿಗೆ ದೇಶದಾದ್ಯಂತ ಲಕ್ಷಗಟ್ಟಲೆ ಇಮೇಲ್ ಹೋದವು, ಆ ಸಂಖ್ಯೆಯೇ ಸುದ್ದಿಯಾಯಿತು. ಆದರೆ ಅಷ್ಟೇ ಕೆಲಸ ಮಾಡಿದ್ದು ಇನ್ನೊಂದು ಸಣ್ಣ ಪ್ರಶ್ನೆ: ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಕರಡು ಕೊಟ್ಟರೆ ಹಳ್ಳಿಯವರು ಆಕ್ಷೇಪಣೆ ಹೇಗೆ ಬರೆಯಬೇಕು? ದೆಹಲಿ ಹೈಕೋರ್ಟ್ ಗಡುವನ್ನು ಆಗಸ್ಟ್ 11ರವರೆಗೆ ಮುಂದಕ್ಕೆ ಹಾಕಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಲು ಹೇಳಿತು. ಕನ್ನಡದಲ್ಲಿ ಕರಡು ಇಲ್ಲ ಅನ್ನುವುದೂ ಒಂದು ಆಕ್ಷೇಪಣೆಯೇ, ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಮಲೆನಾಡಿನವರಿಗೆ ಈ ಪಾಠ ಹೊಸದಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆ 2014ರಿಂದ ಕರಡಾಗಿಯೇ ಮರಳಿ ಮರಳಿ ಬಂದಿದೆ. 2024ರ ಜುಲೈ 31ರದ್ದು ಆರನೆಯದು, ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ನೀವು ಪರವೋ ವಿರೋಧವೋ ಅದು ನಿಮಗೆ ಬಿಟ್ಟದ್ದು. ಆದರೆ ‘ನಮ್ಮ ಜಿಲ್ಲೆ ಕೈಬಿಡಿ’ ಅನ್ನುವುದಕ್ಕಿಂತ, ‘ಪಟ್ಟಿಯಲ್ಲಿರುವ ಇಂಥ ಗ್ರಾಮದ ಇಂತಿಂಥ ಸರ್ವೆ ನಂಬರುಗಳು ತೋಟ, ಇಲ್ಲಿದೆ ಪಹಣಿ’ ಅಥವಾ ‘ಈ ಹಳ್ಳದ ಮೂಲ ಪಟ್ಟಿಯಿಂದ ಹೊರಗುಳಿದಿದೆ, ಇಲ್ಲಿದೆ ನಕ್ಷೆ’ ಅನ್ನುವ ಪತ್ರಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಕರೆಂಟ್ ದರ: ಉತ್ತರ ಕೊಡಲೇಬೇಕಾದ ಜಾಗ

ಹೊಸಬರು ಅಭ್ಯಾಸಕ್ಕೆ ಒಂದೇ ಒಂದು ಕಡೆ ಹೋಗಬೇಕು ಅಂದರೆ ನಾನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸಾರ್ವಜನಿಕ ವಿಚಾರಣೆಗೆ ಹೋಗಿ ಅನ್ನುತ್ತೇನೆ. ದರ ಏರಿಸುವುದು ಬೆಸ್ಕಾಂ ಅಂತಲೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ಬೆಸ್ಕಾಂ, ಮೆಸ್ಕಾಂ, ಸೆಸ್ಕ್, ಹೆಸ್ಕಾಂ, ಜೆಸ್ಕಾಂ ಈ ವಿತರಣಾ ಕಂಪನಿಗಳು ಬರೀ ಅರ್ಜಿ ಹಾಕುತ್ತವೆ. ತೀರ್ಮಾನ ಆಯೋಗದ್ದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಅರ್ಜಿಯನ್ನು ಪ್ರಕಟಿಸಿ ಜನರ ಮಾತು ಕೇಳಿಯೇ ದರ ನಿಗದಿ ಮಾಡಬೇಕು.

ಕ್ರಮ ಹೀಗಿದೆ. ಹೊಸ ದರ ಸಾಮಾನ್ಯವಾಗಿ ಏಪ್ರಿಲ್‌ನಿಂದ, ಹಾಗಾಗಿ ಚಳಿಗಾಲದಲ್ಲೇ ಪೇಪರ್ ನೋಡುತ್ತಿರಿ. ಅರ್ಜಿಯ ಸಾರಾಂಶದ ಪ್ರಕಟಣೆ ಬರುತ್ತದೆ, ಪೂರ್ತಿ ಅರ್ಜಿ ಕಂಪನಿಯ ಮತ್ತು ಆಯೋಗದ ವೆಬ್‌ಸೈಟಿನಲ್ಲಿ ಇರುತ್ತದೆ. ನೂರಾರು ಪುಟ. ಹೆದರಬೇಡಿ, ಎಲ್ಲ ಓದಬೇಕಿಲ್ಲ. ನಿಮ್ಮ ವರ್ಗದ ಈಗಿನ ದರ ಮತ್ತು ಕೇಳಿರುವ ದರ ನೋಡಿ. ಆಮೇಲೆ ವಿತರಣಾ ನಷ್ಟದ (ಅಂದರೆ ಲೆಕ್ಕಕ್ಕೆ ಸಿಗದೆ ದಾರಿಯಲ್ಲೇ ಸೋರಿಹೋಗುವ ವಿದ್ಯುತ್ತಿನ) ಕೋಷ್ಟಕ, ಪಂಪ್‌ಸೆಟ್ ಬಳಕೆಯ ಲೆಕ್ಕ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್, ಹೆಚ್ಚಿನವಕ್ಕೆ ಮೀಟರ್ ಇಲ್ಲ, ಬಳಕೆ ಅಂದಾಜಿನದು. ಅಂದಾಜು ಜಾಸ್ತಿ ತೋರಿಸಿದರೆ ನಷ್ಟ ಕಡಿಮೆ ಕಾಣುತ್ತದೆ. ಈ ಒಂದು ಲೆಕ್ಕದ ಮೇಲೆ ವರ್ಷಗಟ್ಟಲೆಯಿಂದ ಜಗಳ ನಡೆದಿದೆ.

ಹಿಟ್ಟಿನ ಗಿರಣಿ ಇಟ್ಟುಕೊಂಡವರೊಬ್ಬರು ಏನು ಬರೆಯಬಹುದು? ‘ದರ ಏರಿಸಬೇಡಿ’ ಅಂದರೆ ‘ಗಮನಿಸಲಾಗಿದೆ’ ಅನ್ನುತ್ತಾರೆ. ಅದರ ಬದಲು 12 ತಿಂಗಳ ಬಿಲ್ ಲಗತ್ತಿಸಿ, ‘ಮಳೆಗಾಲದ ಮೂರು ತಿಂಗಳು ನನ್ನ ಬಳಕೆ ಇಷ್ಟು ಇಳಿಯುತ್ತದೆ, ಆದರೆ ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಅಷ್ಟೇ ಬರುತ್ತದೆ, ಒಟ್ಟು ಬಿಲ್ಲಿನಲ್ಲಿ ಅದರ ಪಾಲು ಹೀಗೆ ಏರುತ್ತದೆ, ಸಣ್ಣ ಗಿರಣಿಗಳಿಗೆ ಬೇರೆ ಲೆಕ್ಕ ಇಡಿ’ ಎಂದು ಬರೆದರೆ ಕಂಪನಿ ಅದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಅಫಿಡವಿಟ್, ಪ್ರತಿಗಳ ಸಂಖ್ಯೆ ಎಲ್ಲ ಪ್ರಕಟಣೆಯಲ್ಲೇ ಹೇಳಿರುತ್ತಾರೆ, ತಪ್ಪದೆ ಪಾಲಿಸಿ. ವಿಚಾರಣೆಯ ದಿನ ಮಾತಾಡಲು ಹೆಸರು ಕೊಡಿ. ಕನ್ನಡದಲ್ಲೇ ಮಾತಾಡಿ. ಸಿಗುವುದು ಕೆಲವೇ ನಿಮಿಷ, ಹಾಗಾಗಿ ಮೊದಲ ವಾಕ್ಯದಲ್ಲೇ ಕೋರಿಕೆ ಹೇಳಿಬಿಡಿ.

ಇದರ ಸೊಗಸು ಆಮೇಲೆ. ಆಯೋಗದ ದರ ಆದೇಶದಲ್ಲಿ ಬಂದ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಅದರ ಮೇಲೆ ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗಿರುತ್ತವೆ. ಹಳೆಯ ಆದೇಶ ತೆಗೆದು ಓದಿ. ಯಾವ ಥರದ ಮಾತಿಗೆ ಆಯೋಗ ಬಗ್ಗಿದೆ, ಯಾವುದನ್ನು ಒಂದೇ ಸಾಲಲ್ಲಿ ತಳ್ಳಿಹಾಕಿದೆ ಅಂತ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಎಲ್ಲೂ ಸಿಗಲಿಕ್ಕಿಲ್ಲ.

ಗ್ರಾಮ ಸಭೆ: ಮಾತಲ್ಲ, ನಡಾವಳಿ

ಹಳ್ಳಿಯಲ್ಲಿ ಇರುವವರಿಗೆ ವಿಧಾನಸೌಧಕ್ಕಿಂತ ಹತ್ತಿರದ ಬಾಗಿಲು ಇದು. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ ನಡೆಯಬೇಕು. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಕನಿಷ್ಠ ಹಾಜರಿ ಬೇಕು. ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಸಭೆ ‘ನಡೆಸಿಬಿಡುವ’ ಊರುಗಳೂ ಇವೆ, ನಿಮಗೂ ಗೊತ್ತು ಅಲ್ವಾ?

ಸಭೆಯಲ್ಲಿ ಜೋರಾಗಿ ಮಾತಾಡಿದವರು ಗೆದ್ದೆವು ಅಂದುಕೊಂಡು ಮನೆಗೆ ಹೋಗುತ್ತಾರೆ. ನಡಾವಳಿ ಪುಸ್ತಕದಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ಬೇಡಿಕೆಯನ್ನು ಮೊದಲೇ ಕಾಗದದಲ್ಲಿ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಚರಂಡಿ ಬೇಕು’ ಅಂತ ಬೇಡ. ‘ಬಸ್ ನಿಲ್ದಾಣದಿಂದ ಅಂಗನವಾಡಿವರೆಗೆ ಚರಂಡಿ, ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸುವುದು’ ಅಂತಿರಲಿ. ಸಭೆ ಮುಗಿಯುವ ಮುಂಚೆ ನಿರ್ಣಯವನ್ನು ಗಟ್ಟಿಯಾಗಿ ಓದಿಸಿ. ಸಹಿ ಹಾಕುವಾಗ ನಿರ್ಣಯಗಳ ಕೆಳಗೆ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಯಲು ಹೇಳಿ. ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ. ಕೆಲವು ದಿನ ಬಿಟ್ಟು ನಡಾವಳಿಯ ಪ್ರತಿ ಕೇಳಿ.

ಹೊಸ ವರ್ಷದ ಅಭಿವೃದ್ಧಿ ಯೋಜನೆ ತಯಾರಾಗುವುದು ಅಕ್ಟೋಬರ್‌ನಿಂದ ಡಿಸೆಂಬರ್ ಆಸುಪಾಸಿನಲ್ಲಿ. ನಿಮ್ಮ ಕೆಲಸ ಆ ಸಭೆಯಲ್ಲಿ ಸೇರಬೇಕು. ಸೇರಿತೋ ಇಲ್ಲವೋ ಅಂತ ಇ-ಗ್ರಾಮ್ ಸ್ವರಾಜ್ ವೆಬ್‌ಸೈಟಿನಲ್ಲಿ ಪಂಚಾಯಿತಿ ಹೆಸರು ಹಾಕಿ ನೋಡಬಹುದು, ಯಾವ ಕಾಮಗಾರಿಗೆ ಎಷ್ಟು ಪಾವತಿ ಆಗಿದೆ ಅನ್ನುವುದೂ ಸಿಗುತ್ತದೆ. ಖರ್ಚಿನ ಲೆಕ್ಕ ಕೇಳಲು ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಆವತ್ತು ಪಂಚಾಯಿತಿಯವರು ಬಿಲ್ಲು, ವೋಚರು ತೆಗೆದು ತೋರಿಸಬೇಕು, ಕಾಮಗಾರಿಯ ಜಾಗಕ್ಕೂ ಹೋಗಬೇಕು. ಜಮಾಬಂದಿಗೆ ಯಾರೂ ಬರುವುದಿಲ್ಲ ಅನ್ನುವುದನ್ನೇ ನೆಚ್ಚಿಕೊಂಡವರು ಇದ್ದಾರೆ.

ನಗರದವರಿಗೆ ವಾರ್ಡ್ ಸಮಿತಿ ಅಂತ ಇದೆ, ಆದರೆ ಬೆಂಗಳೂರಿನ ಕಥೆ ಸ್ವಲ್ಪ ಬೇಸರದ್ದು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಊರು ನಡೆದಿದೆ. ಅಂಥ ಹೊತ್ತಿನಲ್ಲಿ ವಾರ್ಡ್ ಎಂಜಿನಿಯರ್ ಮತ್ತು ಶಾಸಕರ ಕಚೇರಿಯೇ ಗತಿ.

ಶಾಸಕರಿಂದ ಭರವಸೆ ಬೇಡ, ಪ್ರಶ್ನೆ ಕೇಳಿಸಿ

ಶಾಸಕರ ಹತ್ತಿರ ಹೋಗಿ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬರುತ್ತೇವೆ. ಬದಲಿಗೆ ಒಂದು ಪ್ರಶ್ನೆ ಬರೆದುಕೊಡಿ. ಸದನದಲ್ಲಿ ಕೇಳಿದ ಪ್ರಶ್ನೆಗೆ ಸಚಿವರು ಇಲಾಖೆಯಿಂದ ಅಂಕಿಅಂಶ ತರಿಸಿ ಉತ್ತರ ಕೊಡಬೇಕು, ಅದು ದಾಖಲೆಯಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ನಮ್ಮಂಥವರಿಗೆ ಎರಡನೆಯದೇ ಸಾಕು. ‘ತಾಲ್ಲೂಕಿನಲ್ಲಿ ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಹುದ್ದೆ ಖಾಲಿ ಇದೆ, ಎಷ್ಟು ದಿನದಿಂದ, ತುಂಬಲು ಕೈಗೊಂಡ ಕ್ರಮವೇನು?’ ಇಷ್ಟು ಚಿಕ್ಕದಾಗಿರಲಿ.

ನಿಮ್ಮ ಶಾಸಕರು ಆಡಳಿತ ಪಕ್ಷದವರಾಗಿದ್ದು ಮುಜುಗರ ಪಟ್ಟುಕೊಂಡರೆ ವಿಧಾನ ಪರಿಷತ್ತಿನ ಸದಸ್ಯರನ್ನು ಹಿಡಿಯಿರಿ. ಪದವೀಧರ, ಶಿಕ್ಷಕ, ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಗೆದ್ದವರು ಅಲ್ಲಿದ್ದಾರೆ, ಅವರ ಬಾಗಿಲಲ್ಲಿ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಅಧಿವೇಶನ ಶುರುವಾಗುವ ವಾರ ಓಡಬೇಡಿ, ಪ್ರಶ್ನೆಗೆ ಮೊದಲೇ ನೋಟಿಸ್ ಕೊಡಬೇಕಿರುತ್ತದೆ. ಒಂದು ತಿಂಗಳು ಮುಂಚೆ ಹೋಗಿ. ಶಾಸಕರಿಗಿಂತ ಅವರ ಆಪ್ತ ಸಹಾಯಕರ ಪರಿಚಯ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೀದಿಗೆ ಇಳಿಯುವುದು

ಇಳಿಯಬೇಕಾದಾಗ ಇಳಿಯಲೇಬೇಕು. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು, ಅಂದಾಜು 1,791 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರಗಳ ಬಲಿ. ಅಕ್ಟೋಬರ್ 16ರಂದು ‘ಸ್ಟೀಲ್ ಫ್ಲೈಓವರ್ ಬೇಡ’ ಅಂತ ಬೆಂಗಳೂರಿನ ಜನ ಮಾನವ ಸರಪಳಿ ಕಟ್ಟಿದರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಸರಪಳಿಯ ಫೋಟೋ ಎಲ್ಲರಿಗೂ ನೆನಪಿದೆ. ಪರಿಸರ ಅನುಮತಿಯ ಪ್ರಶ್ನೆ ಎತ್ತಿ ನ್ಯಾಯಮಂಡಳಿಗೆ ಹೋದವರ ಕಾಗದದ ಕೆಲಸ ಅಷ್ಟಾಗಿ ನೆನಪಿಲ್ಲ. ಎರಡೂ ಜೊತೆಗಿದ್ದವು ಅನ್ನುವುದೇ ಇಲ್ಲಿ ಮುಖ್ಯ.

ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ, ಪೊಲೀಸರ ಅನುಮತಿ ಮೊದಲೇ ಬೇಕು. ಬೇರೆ ಊರುಗಳಲ್ಲಿ ಸ್ಥಳೀಯ ಠಾಣೆಯಲ್ಲಿ ವಿಚಾರಿಸಿ. ಪತ್ರಕರ್ತರಿಗೆ ಕೊಡಲು ಒಂದೇ ಪುಟದ ಟಿಪ್ಪಣಿ ಸಿದ್ಧವಿರಲಿ: ಬೇಡಿಕೆ ಏನು, ತೀರ್ಮಾನ ಯಾರದ್ದು, ಗಡುವು ಯಾವಾಗ.

ಕೊಟ್ಟ ಮೇಲೆ

ಪತ್ರ ಕೊಟ್ಟು ಬಂದವರು ಅದರ ಹಿಂದೆ ಹೋಗುವುದಿಲ್ಲ, ಕಚೇರಿಗೂ ಅದು ಗೊತ್ತು. ಟಪಾಲು ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿ. ದೂರ ಇದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಮೇಲನ್ನೂ ಕಳಿಸಿ. ಎರಡು ವಾರ ಬಿಟ್ಟು ಫೋನ್ ಮಾಡಿ ಕಡತದ ಸಂಖ್ಯೆ, ನೋಡಿಕೊಳ್ಳುತ್ತಿರುವ ವಿಷಯ ನಿರ್ವಾಹಕರ ಹೆಸರು ಕೇಳಿ. ಸಂಖ್ಯೆ ಸಿಕ್ಕರೆ ಮುಂದಿನ ಮಾತೆಲ್ಲ ಸುಲಭ. ಜಗಳ ಮಾಡಬೇಡಿ. ವಿಷಯ ನಿರ್ವಾಹಕರು ನಿಯಮ ಮಾಡಿದವರಲ್ಲ, ಆದರೆ ನಿಮ್ಮ ಪತ್ರ ಕಡತದಲ್ಲಿ ಎಲ್ಲಿ ಕೂರಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ.

ಅಂತಿಮ ನಿಯಮ ಬಂದಾಗ ಕರಡನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿ. ಪೀಠಿಕೆಯಲ್ಲಿ ‘ಸ್ವೀಕೃತವಾದ ಆಕ್ಷೇಪಣೆಗಳನ್ನು ಪರಿಗಣಿಸಿ’ ಅನ್ನುವಂಥ ಸಾಲು ಇರುತ್ತದೆ. ಪರಿಗಣಿಸಿದ್ದು ಹೇಗೆ ಅಂತ ಮಾಹಿತಿ ಹಕ್ಕಿನಲ್ಲಿ ಆಕ್ಷೇಪಣೆಗಳ ಪಟ್ಟಿ ಮತ್ತು ಅದರ ಮೇಲಿನ ಟಿಪ್ಪಣಿ ಕೇಳಿ. ಯಾರೂ ಬಿಚ್ಚಿಯೇ ನೋಡಿಲ್ಲ ಅಂತ ಗೊತ್ತಾದರೆ ಆ ಕಾಗದ ಮುಂದೆ ಹೈಕೋರ್ಟಿನಲ್ಲಿ ಬೇಕಾಗುತ್ತದೆ, ಶಾಸಕರ ಪ್ರಶ್ನೆಗೂ ಆಗುತ್ತದೆ. ನೀವು ಬರೆದ ಬದಲಿ ವಾಕ್ಯವನ್ನಂತೂ ಎಸೆಯಬೇಡಿ. ನಿಯಮಗಳಿಗೆ ತಿದ್ದುಪಡಿ ಬರುತ್ತಲೇ ಇರುತ್ತದೆ, ಮುಂದಿನ ಕರಡಿಗೆ ತಾರೀಖು ಬದಲಿಸಿ ಅದನ್ನೇ ಕಳಿಸಬಹುದು.